ಹೊಸ್ತಿಲು ಕಾಯುವ ಹಕ್ಕು

ಅಲೆವೂರಿನ ನಮ್ಮ ಹಳೆಯ ಮನೆಯ ಮುಂಬಾಗಿಲ ಹಿಂದೆ ಮೂಲೆಯಲ್ಲಿ ಒಂದು ದೊಣ್ಣೆ ಇರುತ್ತಿತ್ತು. ಅಜ್ಜ ಅದನ್ನು ಯಾರ ಮೇಲೂ ಎತ್ತಿದ್ದನ್ನು ಕಂಡವರಿಲ್ಲ. ಆದರೆ ರಾತ್ರಿ ಊಟವಾಗಿ, ಬಾಗಿಲಿಗೆ ಅಗಳಿ ಹಾಕಿದ ಮೇಲೆ, ಕೈ ಚಾಚಿ ಆ ದೊಣ್ಣೆಯನ್ನೊಮ್ಮೆ ಮುಟ್ಟಿ ನೋಡದೆ ಅವರು ಮಲಗಿದ್ದಿಲ್ಲ. ದೇವರ ದೀಪಕ್ಕೆ ಕೈಮುಗಿಯುವಷ್ಟೇ ಸಹಜವಾಗಿ ನಡೆಯುತ್ತಿದ್ದ ಕ್ರಿಯೆ ಅದು. ಮನೆಯೊಡೆಯನಿಗೆ ತನ್ನ ಹೊಸ್ತಿಲನ್ನು ತಾನೇ ಕಾಯುವ ಹಕ್ಕು ಇದೆಯೇ, ಇದ್ದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗಳನ್ನು ವಿಚಾರಿಸಲು ಹೊರಟಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ದೊಣ್ಣೆ.

ಈ ಪ್ರಶ್ನೆಗೂ ಒಂದು ಪ್ರದೇಶದ ಮನೆಗಳು ಹರಡಿಕೊಂಡಿರುವ ರೀತಿಗೂ ಸಂಬಂಧವುಂಟು. ಧಾರವಾಡ, ಬಳ್ಳಾರಿಗಳ ಕಡೆಯ ಬಯಲುಸೀಮೆಯ ಹಳ್ಳಿಯನ್ನು ನೋಡಿ. ಮನೆಗೆ ಮನೆ ಆತುಕೊಂಡು, ಗೋಡೆಗೆ ಗೋಡೆ ಹೊಂದಿಕೊಂಡು ಊರೆಲ್ಲ ಒಂದೇ ಗುಂಪಾಗಿ ನಿಂತಿರುತ್ತದೆ. ಊರಿಗೊಂದು ಅಗಸೆ ಬಾಗಿಲು, ಅದನ್ನು ಕಾಯಲು ಒಬ್ಬ ತಳವಾರ. ಅಲ್ಲಿ ಕಾವಲೆಂದರೆ ಊರಿನ ಕಾವಲು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಊರೆಂದರೆ ಗದ್ದೆ, ತೋಡು, ಗುಡ್ಡೆಗಳ ನಡುವೆ ಚದುರಿಕೊಂಡಿರುವ ಮನೆಗಳ ಒಂದು ಹೆಸರು. ಎದುರಿಗೆ ಬಾಕಿಮಾರು ಗದ್ದೆ, ಹಿಂದೆ ತೋಟ, ನಡುವೆ ಒಂಟಿ ಮನೆ. ನೆರೆಮನೆ ಒಂದು ಕೂಗಳತೆಯಾಚೆ. ಮಳೆಗಾಲದ ರಾತ್ರಿಯಲ್ಲಂತೂ ಆ ಕೂಗೂ ಕೇಳಿಸದು. ಪಟೇಲರು, ಉಗ್ರಾಣಿಗಳು ಇದ್ದ ಕಾಲದಲ್ಲಿಯೂ ಅವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಬೆಳಗಾಗುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಬಯಲುಸೀಮೆಯ ಕೋಟೆಗಳಿಗೆ ಸಲ್ಲುತ್ತದೆ. ನಮ್ಮಲ್ಲಿ ಹಾಕಲು ಊರಬಾಗಿಲೇ ಇರಲಿಲ್ಲ. ಇದ್ದುದು ಮನೆಬಾಗಿಲೊಂದೇ.

ಸೊತ್ತನ್ನು ಕಾಯುತ್ತ ಸತ್ತವರನ್ನು ಕನ್ನಡನಾಡು ಗೌರವಿಸಿದ ಬಗೆಯನ್ನು ವೀರಗಲ್ಲುಗಳು ಹೇಳುತ್ತವೆ. ದನಗಳನ್ನು ಅಟ್ಟಿಕೊಂಡು ಹೋಗುವುದು ತುರುಗೊಳ್, ಊರನ್ನು ಹಾಳುಗೆಡವುವುದು ಊರಳಿವು, ಹೆಂಗಸರ ಮೊರೆ ಪೆಣ್ಬುಯ್ಯಲ್. ಈ ಮೂರು ಸಂದರ್ಭಗಳಲ್ಲಿ ಹೋರಾಡಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ನೆತ್ತರುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದರು. ಅಲೆವೂರಿಗೆ ಸಮೀಪದ ಉದ್ಯಾವರದಲ್ಲಿಯೂ ಆಳುಪರ ಕಾಲದ, ಸುಮಾರು ಎಂಟನೆಯ ಶತಮಾನದ ಕನ್ನಡ ಶಾಸನಗಳಿವೆ. ಆಳುಪರ ಒಳಜಗಳದಲ್ಲಿ ಆ ಪಟ್ಟಣವನ್ನು ಹೊಗುವಾಗ ಹೋರಾಡಿ ಬಿದ್ದವರ ಸ್ಮಾರಕಗಳು ಅವುಗಳಲ್ಲಿವೆ. ಹೊಕ್ಕವನಿಗೂ ಕಲ್ಲು, ತಡೆದವನಿಗೂ ಕಲ್ಲು! ಶೌರ್ಯವನ್ನು ಮೆಚ್ಚುವ ಕಾಲ ಹೀಗೆ ನಡೆದುಕೊಳ್ಳುವುದು ಆಶ್ಚರ್ಯವಲ್ಲ. ಆದರೆ ನ್ಯಾಯದ ಪ್ರಶ್ನೆ ಶೌರ್ಯದ ಪ್ರಶ್ನೆಗಿಂತ ಬೇರೆ. ಕಳ್ಳನನ್ನು ತಡೆಯುವಾಗ ಅವನು ಸತ್ತರೆ ತಡೆದವನು ಅಪರಾಧಿಯೇ? ವೀರಗಲ್ಲು ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಅದನ್ನು ಕೇಳಿದವನು ಕನ್ನಡನಾಡಿನ ಕಲ್ಯಾಣದಲ್ಲಿಯೇ ಕುಳಿತು ಬರೆದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ಎಲ್ಲರೂ ಬಲ್ಲದ್ದು ದಾಯವಿಚಾರಕ್ಕಾಗಿ. ಅಳಿಯಸಂತಾನದ ನಮ್ಮ ಮನೆಗಳಿಗೆ ಆ ದಾಯಪದ್ಧತಿ ಸಲ್ಲಲಿಲ್ಲವೆಂಬುದು ಬೇರೆ ಮಾತು. ಅದೇ ಗ್ರಂಥದಲ್ಲಿ ಆತತಾಯಿಯ ಚರ್ಚೆಯೂ ಇದೆ. ಮನೆಗೆ ಬೆಂಕಿಯಿಡುವವನು, ವಿಷವುಣಿಸುವವನು, ಶಸ್ತ್ರ ಹಿಡಿದು ಮೇಲೇರಿ ಬರುವವನು, ಧನವನ್ನು, ಭೂಮಿಯನ್ನು, ಹೆಂಡತಿಯನ್ನು ಅಪಹರಿಸುವವನು, ಈ ಆರು ಮಂದಿಯನ್ನು ಸ್ಮೃತಿಕಾರರು ಆತತಾಯಿಗಳೆಂದು ಕರೆದರು. ಅಂಥವನನ್ನು ಕೊಲ್ಲಲು ಹಿಂಜರಿಯಬೇಕಿಲ್ಲವೆಂಬ ಕಟುವಾದ ವಚನಗಳೂ ಸ್ಮೃತಿಗಳಲ್ಲಿವೆ. ವಿಜ್ಞಾನೇಶ್ವರ ಆ ವಚನಗಳನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಬ್ರಾಹ್ಮಣನಾದ ಆತತಾಯಿಯ ಪ್ರಸಂಗವನ್ನೆತ್ತಿಕೊಂಡು ಅವನು ಹೇಳುವುದರ ಸಾರ ಇಷ್ಟು: ತನ್ನನ್ನು ಕಾಪಾಡಿಕೊಳ್ಳಲು, ಕೊಲ್ಲುವ ಉದ್ದೇಶವಿಲ್ಲದೆ, ಬಂದವನನ್ನು ನಿವಾರಿಸುವಾಗ ಅವನು ಅಕಸ್ಮಾತ್ತಾಗಿ ಸತ್ತರೆ ಅಲ್ಪ ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ. ಅಲ್ಲಿ ಹೇಳಿರುವುದು ಕೊಲ್ಲುವ ಹಕ್ಕನ್ನಲ್ಲ, ನಿವಾರಿಸುವ ಹಕ್ಕನ್ನು. ಮನಸ್ಸಿನಲ್ಲಿ ಇದ್ದುದು ತಡೆಯುವ ಇಚ್ಛೆಯೋ ಕೊಲ್ಲುವ ಇಚ್ಛೆಯೋ ಎಂಬುದನ್ನು ನೋಡಬೇಕೆಂಬ ಈ ವಿವೇಕ ಬಹು ಹಿಂದಿನದು.

ಬೇರೆ ನಾಡುಗಳೂ ತಮ್ಮ ತಮ್ಮ ರೀತಿಯಲ್ಲಿ ಇಂಥ ಗೆರೆಯನ್ನು ಹುಡುಕಿವೆ. ಸುಮಾರು ಕ್ರಿಸ್ತಪೂರ್ವ 450ರ ರೋಮನರ ಹನ್ನೆರಡು ಫಲಕಗಳ ಶಾಸನದಲ್ಲಿ ರಾತ್ರಿ ಬಂದ ಕಳ್ಳನನ್ನು ಕೊಂದರೆ ತಪ್ಪಿಲ್ಲ. ಹಗಲಿನ ಕಳ್ಳನಾದರೆ ಅವನು ಆಯುಧವೆತ್ತಿದ್ದರೆ ಮಾತ್ರ. ಹಗಲಿನಲ್ಲಿ ಕಣ್ಣು ಕಾಣುತ್ತದೆ, ಕೂಗಿದರೆ ನಾಲ್ಕು ಜನ ಬರುತ್ತಾರೆ. ರಾತ್ರಿ ಬಂದವನ ಕೈಯಲ್ಲಿ ಏನಿದೆ, ಅವನು ಒಬ್ಬನೋ ಹತ್ತು ಜನರೋ ತಿಳಿಯದು. ಕತ್ತಲೆಗೂ ನ್ಯಾಯಕ್ಕೂ ಇರುವ ಈ ನಂಟು ಮುಂದೆ ನಮ್ಮ ಕಾನೂನಿಗೂ ಬಂತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಪ್ರಾಂತ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಭೂಮಿ ಖಾಸಗಿ ಸೊತ್ತಾಗಿದ್ದುದನ್ನು ಕಂಡು ಅದನ್ನು ಒತ್ತಿ ಬರೆದ. ಸೊತ್ತಿನ ವಿಚಾರ ಹೀಗೆ ದಾಖಲೆಗೆ ಬಂತು. ಸೊತ್ತನ್ನು ಕಾಯುವ ಹಕ್ಕು ಬರಹಕ್ಕೆ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲಿ ಕರಡನ್ನು ಸಿದ್ಧಪಡಿಸಿತು. ಅದು ಭಾರತೀಯ ದಂಡ ಸಂಹಿತೆಯಾಗಿ 1860ರಲ್ಲಿ ಅಂಗೀಕಾರವಾಯಿತು. 1862ರ ಜನವರಿ 1ರಂದು ಜಾರಿಗೆ ಬಂತು.

ಮೆಕಾಲೆಯನ್ನು ನಮ್ಮ ವಿದ್ಯಾಭ್ಯಾಸದ ವಿಷಯದಲ್ಲಿ ನಾವು ಬೇಕಾದಷ್ಟು ಬೈದಿದ್ದೇವೆ. ದಂಡ ಸಂಹಿತೆಯ ಕರಡಿನ ಟಿಪ್ಪಣಿಯಲ್ಲಿ ಅವನ ಆಯೋಗ ಹೇಳಿದ ಮಾತು ಅಷ್ಟು ಪ್ರಸಿದ್ಧವಲ್ಲ. ಈ ದೇಶದ ಜನ ದರೋಡೆಕೋರರಿಗೆ ಸುಮ್ಮನೆ ತಲೆಬಾಗುತ್ತಾರೆ, ಆದ್ದರಿಂದ ಆತ್ಮರಕ್ಷಣೆಯ ಹಕ್ಕಿಗೆ ಕಟ್ಟಳೆಗಳನ್ನು ಹೆಚ್ಚಿಸುವುದಕ್ಕಿಂತ ಜನರಲ್ಲಿ ಕೆಚ್ಚನ್ನು ಎಬ್ಬಿಸುವುದು ಮೇಲು ಎಂಬುದು ಅದರ ಅಭಿಪ್ರಾಯ. ವೀರಗಲ್ಲುಗಳ ನಾಡಿಗೆ ಈ ಮಾತು ಒಪ್ಪುವುದೇ ಎಂದು ನಾವು ಕೇಳಬಹುದು. ಆದರೆ ಈ ಅಭಿಪ್ರಾಯದಿಂದಾಗಿಯೇ ನಮಗೆ ಉದಾರವಾದ ಕಾನೂನು ದೊರಕಿತು.

ಆ ಸಂಹಿತೆಯ 96ರಿಂದ 106ರ ವರೆಗಿನ ಕಲಮುಗಳು ಈ ಹಕ್ಕಿಗೆ ಮೀಸಲಾಗಿದ್ದವು. ತನ್ನ ದೇಹವನ್ನು ಮಾತ್ರವಲ್ಲ, ಇನ್ನೊಬ್ಬರ ದೇಹವನ್ನೂ, ತನ್ನ ಸೊತ್ತನ್ನು ಮಾತ್ರವಲ್ಲ, ಇನ್ನೊಬ್ಬರ ಸೊತ್ತನ್ನೂ ಕಳವು, ಸುಲಿಗೆ, ಹಾನಿ, ಅತಿಕ್ರಮ ಪ್ರವೇಶಗಳಿಂದ ಕಾಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ನಮ್ಮ ಕರಾವಳಿಗೆ ಇದು ಸಣ್ಣ ಮಾತಲ್ಲ. ಕೂಗು ಕೇಳಿ ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು ಗದ್ದೆಯ ಬದುವಿನ ಮೇಲೆ ಓಡಿಬರುವ ನೆರೆಯವನಿಗೂ ಕಾನೂನಿನ ರಕ್ಷಣೆ ದೊರಕಿತು. ಕಳ್ಳನನ್ನು ತಡೆಯುವಾಗ ಅವನ ಪ್ರಾಣಕ್ಕೆ ಅಪಾಯವಾದರೂ ತಪ್ಪಿಲ್ಲ ಎನ್ನುವ ಸಂದರ್ಭಗಳು ನಾಲ್ಕು. ದರೋಡೆ, ರಾತ್ರಿಯ ಕನ್ನಗಳ್ಳತನ, ವಾಸದ ಮನೆಗಾಗಲಿ ಸಾಮಾನು ಇಡುವ ಕಟ್ಟಡಕ್ಕಾಗಲಿ ಬೆಂಕಿಯಿಡುವುದು, ಮತ್ತು ಪ್ರಾಣಭಯ ಅಥವಾ ಭಾರೀ ಗಾಯದ ಭಯ ಹುಟ್ಟಿಸುವ ಕಳವು, ಹಾನಿ, ಮನೆ ಹೊಗುವಿಕೆ. ಉಳಿದ ಕಳವುಗಳಲ್ಲಿ ತಡೆಯಬಹುದು, ಪೆಟ್ಟು ಕೊಡಬೇಕಾದೀತು, ಬೇಕೆಂದು ಪ್ರಾಣ ತೆಗೆಯುವಂತಿಲ್ಲ.

ಕನ್ನವೆಂಬ ಮಾತನ್ನು ನಾನು ಬೇಕೆಂದೇ ಬಳಸಿದೆ. ಮನೆಯೊಡೆದು ಹೊಗುವುದೆಂದರೇನು ಎಂದು ವಿವರಿಸುವ ಕಲಮಿನಲ್ಲಿ ಸಂಹಿತೆ ಕೊಡುವ ಮೊದಲ ಉದಾಹರಣೆ, ಗೋಡೆಗೆ ತೂತು ಕೊರೆದು ಅದರೊಳಗೆ ಕೈ ಹಾಕಿದವನದು. ಮಣ್ಣಿನ ಗೋಡೆಯ ದೇಶವನ್ನು ಕಣ್ಣಾರೆ ಕಂಡವನು ಬರೆದ ಮಾತು ಇದು. ಮುಳಿಹುಲ್ಲಿನ ಮಾಡುಗಳ ಕಾಲದಲ್ಲಿ ಬೆಂಕಿಯ ಉಲ್ಲೇಖಕ್ಕೂ ಅಷ್ಟೇ ಅರ್ಥವಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಹೆಂಚು ಬಡವರ ಮನೆಯವರೆಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ವೈರಿಯ ಕೈಯ ಒಂದು ಕೊಳ್ಳಿ ವರ್ಷದ ಅಕ್ಕಿಮುಡಿಗಳನ್ನೂ ಮಲಗಿದ ಮಕ್ಕಳನ್ನೂ ಒಟ್ಟಿಗೇ ಸುಡಬಲ್ಲದಾಗಿತ್ತು.

ಒಂದು ಕೈಯಿಂದ ಹೀಗೆ ಹಕ್ಕನ್ನು ಕೊಟ್ಟ ಸರಕಾರ ಇನ್ನೊಂದು ಕೈಯಿಂದ ಆಯುಧವನ್ನು ಕಸಿದುಕೊಂಡಿತು. 1857ರ ದಂಗೆಯ ಭಯ ಆರಿರಲಿಲ್ಲ. 1878ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಭಾರತೀಯನು ಕೋವಿ ಇರಿಸಿಕೊಳ್ಳುವಂತಿಲ್ಲವಾಯಿತು. ಯುರೋಪಿಯನ್ನರಿಗೆ ವಿನಾಯಿತಿ ದೊರಕಿತು. ಕೆಚ್ಚೆದೆ ಬೇಕು, ಕೋವಿ ಬೇಡ ಎಂಬುದು ಒಟ್ಟು ನೀತಿ. ಕನ್ನಡನಾಡಿನಲ್ಲಿ ಇದಕ್ಕೆ ಹೊರತಾದದ್ದು ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಘಟ್ಟದ ಕೆಳಗಿನ ನಮ್ಮ ಜಿಲ್ಲೆಗಳ ರೈತನಿಗೆ ಪರವಾನಗಿಯ ಮೇಲೆ ದೊರೆತದ್ದು ಬೆಳೆರಕ್ಷಣೆಯ ಕೋವಿ. ಅದು ಹಂದಿ, ಮಂಗಗಳನ್ನು ಬೆದರಿಸುವುದಕ್ಕೆಂದು ಕೊಟ್ಟದ್ದು. ಚುನಾವಣೆ ಬಂತೆಂದರೆ ಅದನ್ನು ಹೆಗಲ ಮೇಲಿಟ್ಟುಕೊಂಡು ಹೋಗಿ ಠಾಣೆಯಲ್ಲಿ ಠೇವಣಿಯಿಟ್ಟು ಬರುವ ಕೆಲಸ ಇಲ್ಲಿಯ ರೈತನಿಗೆ ಚಿರಪರಿಚಿತ. ಮನೆ ಕಾಯಲು ಅವನಿಗೆ ಉಳಿದದ್ದು ಅಜ್ಜನ ದೊಣ್ಣೆಯೇ.

ಹಕ್ಕು ದೊಡ್ಡದಾದರೂ ಅದಕ್ಕೆ ಮೂರು ಅಳತೆಗಳಿವೆ. ಮೊದಲನೆಯದು ಸಮಯದ ಅಳತೆ: ಸರಕಾರದ ರಕ್ಷಣೆಯನ್ನು ಕೋರಲು ಸಮಯವಿದ್ದರೆ ಸ್ವಂತ ಕೈಗೆ ಹಕ್ಕಿಲ್ಲ. ಎರಡನೆಯದು ಬಲದ ಅಳತೆ: ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಮೂರನೆಯದು ಭಯದ ಅಳತೆ: ನ್ಯಾಯವಾದ ಭಯ ಹುಟ್ಟಿದಾಗ ಹಕ್ಕು ಹುಟ್ಟುತ್ತದೆ, ಅಪಾಯ ಮುಗಿದಾಗ ಹಕ್ಕೂ ಮುಗಿಯುತ್ತದೆ. ಒಳ್ಳೆಯ ಉದ್ದೇಶದಿಂದಲೇ ಈ ಎಲ್ಲೆಯನ್ನು ಮೀರಿ ಒಬ್ಬನನ್ನು ಕೊಂದರೆ, ಅದು ಕೊಲೆಯೆನಿಸದಿದ್ದರೂ ಅಪರಾಧವಾಗದೆ ಇರುವುದಿಲ್ಲ.

ಸಂಹಿತೆಯಲ್ಲಿ ಇನ್ನೊಂದು ಸ್ವಾರಸ್ಯವಾದ ಉದಾಹರಣೆಯಿದೆ. ಹೊಗಲು ಹಕ್ಕುಳ್ಳವನೊಬ್ಬ ರಾತ್ರಿ ಮನೆಯನ್ನು ಹೊಗುತ್ತಾನೆ. ಒಳಗಿನವನು ಅವನನ್ನು ಕಳ್ಳನೆಂದೇ ನಂಬಿ ಹೊಡೆಯುತ್ತಾನೆ. ಹೊಡೆದವನಿಗೆ ಅಪರಾಧವಿಲ್ಲ, ಆದರೆ ಹೊಡೆಸಿಕೊಂಡವನಿಗೂ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕು ಉಂಟು. ಇದನ್ನು ಓದುವಾಗ ನನಗೆ ನಮ್ಮ ಊರಿನ ಮನೆಗಳು ಕಣ್ಣಿಗೆ ಕಟ್ಟುತ್ತವೆ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗ ಕಾಗದ ಬರೆಯದೆ ಹೊರಟು ಬರುತ್ತಾನೆ. ಬಸ್ಸು ತಡವಾಗಿ ನಡುರಾತ್ರಿ ಇಳಿಯುತ್ತಾನೆ. ಮುದುಕರ ನಿದ್ದೆ ಕೆಡಿಸುವುದೇಕೆಂದು ಹಿಂಬಾಗಿಲ ಅಗಳಿಯನ್ನು ಹೊರಗಿನಿಂದಲೇ ಮೀಟುತ್ತಾನೆ. ಒಳಗೆ ತಂದೆಯ ಕೈ ದೊಣ್ಣೆಯತ್ತ ಚಾಚುತ್ತದೆ. ಇಬ್ಬರೂ ನಿರಪರಾಧಿಗಳು, ಕಾನೂನಿನ ಕಣ್ಣಿನಲ್ಲಿ ಇಬ್ಬರಿಗೂ ಹಕ್ಕುಂಟು. ಆದರೆ ಬಿದ್ದ ಪೆಟ್ಟನ್ನು ಹಿಂದೆಗೆದುಕೊಳ್ಳಲು ಯಾವ ಕಲಮೂ ಇಲ್ಲ. 'ಯಾರದು?' ಎಂದು ಒಮ್ಮೆ ಕೂಗಿ ಕೇಳುವ ನಮ್ಮ ಹಿರಿಯರ ಪದ್ಧತಿ ಎಷ್ಟು ತಂದೆಯರನ್ನು ಕಾಪಾಡಿದೆಯೋ!

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಅಳತೆಗಳನ್ನು ಹೇಗೆ ಬಳಸಿತೆಂಬುದಕ್ಕೆ ಮೂರು ತೀರ್ಪುಗಳನ್ನು ನೆನೆಯಬಹುದು. 1950ರಲ್ಲಿ ಮಧ್ಯಪ್ರದೇಶದ ಕಟ್ನಿಯಲ್ಲಿ ಗಲಭೆಯೆದ್ದಾಗ ಅಮ್ಜದ್ ಖಾನ್ ಎಂಬ ಅಂಗಡಿಕಾರನ ಕಟ್ಟಡದ ಇನ್ನೊಂದು ಪಾಲಿಗೆ ಗುಂಪು ನುಗ್ಗಿತ್ತು. ತಾಯಿ ಬಂದು ವಿಷಯ ತಿಳಿಸಿದಳು. ಗುಂಪು ಅವನ ಬಾಗಿಲನ್ನೂ ಲಾಠಿಗಳಿಂದ ಬಡಿಯತೊಡಗಿತು. ಅವನು ಎರಡು ಗುಂಡು ಹಾರಿಸಿದ, ಒಬ್ಬ ಸತ್ತ. ಕೆಳಗಿನ ನ್ಯಾಯಾಲಯ ಅವನನ್ನು ಕೊಲೆಗಾರನೆಂದಿತು. 1952ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಬಾಗಿಲು ಮುರಿದು ಒಳಗೆ ಬರಲಿ ಎಂದು ಅವನು ಕಾಯಬೇಕಿರಲಿಲ್ಲ. ಅಂಥ ಗಳಿಗೆಯ ಕೃತ್ಯವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯಿಟ್ಟು ತೂಗಬಾರದು ಎಂಬುದು ತೀರ್ಪಿನ ಭಾವ.

ಎರಡನೆಯದು 1967ರ ಮುನ್ಶಿರಾಮ್ ಮೊಕದ್ದಮೆ. ದೆಹಲಿಯ ಸೀಮೆಯಲ್ಲಿ ಬಹುಕಾಲದಿಂದ ಗೇಣಿಗೆ ಸಾಗುವಳಿ ಮಾಡುತ್ತಿದ್ದವನ ಹೊಲವನ್ನು ಹೊಸದಾಗಿ ಕೊಂಡವರು ವಶಪಡಿಸಿಕೊಳ್ಳಲು ಬಂದರು. ಗೇಣಿದಾರನ ಕಡೆಯವರು ತಡೆದರು, ಹೊಡೆದಾಟವಾಯಿತು. ನೆಲೆನಿಂತ ಸ್ವಾಧೀನವುಳ್ಳವನನ್ನು ಕಾನೂನಿನ ಮೂಲಕವಲ್ಲದೆ ಒಡೆಯನೂ ಬಲಾತ್ಕಾರದಿಂದ ಹೊರಹಾಕುವಂತಿಲ್ಲ, ಅಂಥವನು ತನ್ನ ಸ್ವಾಧೀನವನ್ನು ರಕ್ಷಿಸಿಕೊಳ್ಳಬಹುದು ಎಂದು ನ್ಯಾಯಾಲಯ ತಡೆದವರನ್ನು ಬಿಡುಗಡೆ ಮಾಡಿತು. ಭೂಸುಧಾರಣೆಯ 1974ರ ತಿದ್ದುಪಡಿಯ ಕಾಲವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ಮಾತಿನ ಬೆಲೆ ಗೊತ್ತು. ಚಾಲಗೇಣಿ ಒಕ್ಕಲು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ತೀರ್ಮಾನಕ್ಕಾಗಿ ಕಾದ ದಿನಗಳಲ್ಲಿ ಅವನ ಗುಡಿಸಲ ಬಾಗಿಲೂ ಬಾಗಿಲೇ ಆಗಿತ್ತು. ಈ ಹಕ್ಕು ಪಟ್ಟೆ ಇರುವವನದು ಮಾತ್ರ ಎಂದು ತಿಳಿಯುವುದು ತಪ್ಪು. ಹೊಸ್ತಿಲು ಕಾಯುವ ಹಕ್ಕು ಹೊಸ್ತಿಲೊಳಗೆ ಬಾಳುತ್ತಿರುವವನದು.

ಮೂರನೆಯದು ಕಠಿಣವಾದ ಪಾಠ. ಬಿಹಾರದಲ್ಲಿ ಚೆರೂಬಿನ್ ಗ್ರೆಗರಿ ಎಂಬಾತನ ಪಾಯಖಾನೆಯನ್ನು ನೆರೆಮನೆಯವರು ಬಳಸತೊಡಗಿದ್ದರು. ಅವರದರ ಗೋಡೆ ಬಿದ್ದುಹೋಗಿತ್ತು. ಅವನು ಬೇಡವೆಂದರೂ ಅವರು ಕೇಳಲಿಲ್ಲ. ಆಗ ಅವನು ದಾರಿಗೆ ತಾಮ್ರದ ತಂತಿ ಬಿಗಿದು ಮನೆಯಿಂದ ವಿದ್ಯುತ್ತು ಹರಿಸಿದ. ಒಬ್ಬ ಹೆಂಗಸು ತಗಲಿ ಸತ್ತಳು. ಅವಳು ಅತಿಕ್ರಮಿಸಿ ಬಂದವಳಲ್ಲವೇ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಒಪ್ಪಲಿಲ್ಲ. ಅತಿಕ್ರಮಿಸಿದವರೂ ಕಾನೂನಿನ ರಕ್ಷಣೆಯಿಂದ ಹೊರಗಾಗುವುದಿಲ್ಲ ಎಂದಿತು. ದೊಣ್ಣೆ ಹಿಡಿದ ಕೈಗೆ ಕಣ್ಣಿದೆ, ಬಂದವನು ಕಳ್ಳನೋ ದಾರಿತಪ್ಪಿದ ಮಗುವೋ ಎಂದು ನೋಡಬಲ್ಲದು. ತಂತಿಗೆ ಕಣ್ಣಿಲ್ಲ. ಹಂದಿಗೆಂದು ತೋಟದ ಬೇಲಿಗೆ ಕಳ್ಳತಂತಿಯಿಂದ ವಿದ್ಯುತ್ತು ಹಾಯಿಸಿ, ಬೆಳಗ್ಗೆ ಸೊಪ್ಪಿಗೆ ಹೊರಟ ನೆರೆಯವನ ಹೆಣವನ್ನು ಕಾಣಬೇಕಾಗಿ ಬರುವ ದುರಂತಗಳು ನಮ್ಮ ನಾಡಿನಲ್ಲಿ ಇಂದಿಗೂ ನಿಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ ಎಂದು ಕೇಳುತ್ತೇವೆ. ಇಲ್ಲಿ ಬೇಲಿ ಎದ್ದು ಮನುಷ್ಯನನ್ನೇ ಮೇಯುತ್ತದೆ.

ದಂಡ ಸಂಹಿತೆ 2024ರ ಜುಲೈ 1ರಂದು ತನ್ನ ಸ್ಥಾನವನ್ನು ಭಾರತೀಯ ನ್ಯಾಯ ಸಂಹಿತೆಗೆ ಬಿಟ್ಟುಕೊಟ್ಟಿತು. ಕಲಮುಗಳ ಅಂಕಿ ಬದಲಾಗಿ 34ರಿಂದ 44 ಆಯಿತು. ಬೆಂಕಿಯ ಜೊತೆಗೆ ಸ್ಫೋಟಕ ಸೇರಿತು. ರಾತ್ರಿ ಎಂಬ ಪದದ ಜಾಗದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ ಎಂಬ ಮಾತು ಬಂತು. ಹಳೆಯ ಸಂಹಿತೆಯಲ್ಲಿಯೂ ರಾತ್ರಿಯೆಂದರೆ ಅರ್ಥ ಅದೇ ಇತ್ತು. ಒಳಗಿನ ತತ್ತ್ವ ಬದಲಾಗಲಿಲ್ಲ. ಕಳ್ಳನನ್ನು ಹಿಡಿದ ಸಾಮಾನ್ಯ ಪ್ರಜೆ ಅವನನ್ನು ತಡಮಾಡದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ ಗಡುವನ್ನಿಟ್ಟಿತು.

ಈ ಗಡುವಿನ ಮಾತನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಹಿಡಿದ ಕಳ್ಳನನ್ನು ತೆಂಗಿನ ಮರಕ್ಕೆ ಕಟ್ಟಿ, ಬಂದವರೆಲ್ಲ ಒಂದೊಂದು ಪೆಟ್ಟು ಹಾಕುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಕಳುವಾಗಿದ್ದದ್ದು ಒಂದು ತಾಮ್ರದ ಹಂಡೆ. ಅದು ಅಂಗಳದಲ್ಲಿಯೇ ಇತ್ತು. ಕಳ್ಳನ ಕೈಕಾಲು ಕಟ್ಟಿತ್ತು. ಆ ಹೊತ್ತಿಗೆ ಯಾರ ಮನೆಯನ್ನೂ ಯಾರೂ ರಕ್ಷಿಸುತ್ತಿರಲಿಲ್ಲ. ಹಗ್ಗದ ಗಂಟು ಬಿಗಿದ ಕ್ಷಣಕ್ಕೇ ಆ ಹಕ್ಕು ಮುಗಿದಿತ್ತು. ಅನಂತರದ ಪ್ರತಿಯೊಂದು ಪೆಟ್ಟೂ ಹೊಡೆದವನ ಅಪರಾಧವಾಗಿತ್ತು. ಅಂದು ಅಜ್ಜ ಅಂಗಳಕ್ಕಿಳಿದು, 'ಸಾಕು, ಬಿಡಿ' ಎಂದು ಕಟ್ಟು ಬಿಚ್ಚಿಸಿ, ಅವನಿಗೆ ನೀರು ಕೊಡಿಸಿ, ಬೆಳಕು ಹರಿದ ಮೇಲೆ ಇಬ್ಬರನ್ನು ಜೊತೆ ಮಾಡಿ ಠಾಣೆಗೆ ಕಳುಹಿಸಿದರು. ಅವರು ಯಾವ ಸಂಹಿತೆಯನ್ನೂ ಓದಿದವರಲ್ಲ.

ಮನೆಯನ್ನು ಕಾಯುವ ಹಕ್ಕನ್ನು ನಾಡಿನ ಕಾನೂನು ನಮ್ಮ ಕೈಗೆ ಒಪ್ಪಿಸಿರುವುದು ತನ್ನ ಕೈ ಬಂದು ಮುಟ್ಟುವವರೆಗಿನ ಅಷ್ಟು ಹೊತ್ತಿಗೆ. ಚದುರಿದ ಮನೆಗಳ ನಮ್ಮ ಊರುಗಳಲ್ಲಿ ಆ ಹೊತ್ತು ಒಮ್ಮೊಮ್ಮೆ ದೀರ್ಘವಾದೀತು. ಅದಕ್ಕಾಗಿಯೇ ಹಕ್ಕು ಉದಾರವಾಗಿದೆ. ಆದರೆ ಅದು ಕೋಪ ತೀರಿಸಿಕೊಳ್ಳಲು ಕೊಟ್ಟ ಅವಕಾಶವಲ್ಲ. ವಿಜ್ಞಾನೇಶ್ವರ ತನ್ನ ವ್ಯಾಖ್ಯಾನಕ್ಕೆ ಮಿತವಾದ ಅಕ್ಷರಗಳುಳ್ಳದ್ದು ಎಂಬ ಅರ್ಥದ ಹೆಸರನ್ನಿಟ್ಟ. ಈ ಹಕ್ಕಿನ ತಿರುಳೂ ಆ ಮಿತವೇ. ಅಜ್ಜ ಹೋಗಿ ಎಷ್ಟೋ ವರ್ಷಗಳಾದವು. ಮನೆಗೆ ಈಗ ಕಬ್ಬಿಣದ ಗೇಟು ಬಂದಿದೆ. ಆ ದೊಣ್ಣೆ ಮಾತ್ರ ಬಾಗಿಲ ಹಿಂದಿನ ಮೂಲೆಯಲ್ಲಿ ಇನ್ನೂ ಇದೆ. ಹಿಡಿಯುವ ಕಡೆ ಸವೆದು ನುಣುಪಾಗಿದೆ, ಹೊಡೆಯುವ ತುದಿಯಲ್ಲಿ ಒಂದು ಗೀರೂ ಇಲ್ಲ.